ನಾಲ್ಕು ಹತ್ತರ ನಗು

ನಮ್ಮೂರಿನ ಟಾಕೀಸಿನಲ್ಲಿ ಬೋರ್ಡು ಬರೆಯುವವಳು ನಾನು. ಸಿನಿಮಾದ ಹೆಸರು ಬರೆಯುವ ಬೋರ್ಡಲ್ಲ, ಅದಕ್ಕೆ ಪೇಂಟರು ಬೇರೆ ಇದ್ದಾನೆ. ನನ್ನದು ಗೇಟಿನ ಪಕ್ಕದ ಕರಿಹಲಗೆ. ನಾಳೆ ಎಷ್ಟು ಗಂಟೆಗೆ ನಗು, ದೊಡ್ಡದೋ ಸಣ್ಣದೋ, ಎಷ್ಟು ಹೊತ್ತು ಎಂದು ಸುಣ್ಣದ ಕಡ್ಡಿಯಲ್ಲಿ ಬರೆದಿಡುತ್ತೇನೆ. ನನಗಿಂತ ಮುಂಚೆ ನಮ್ಮಪ್ಪ ಬರೆಯುತ್ತಿದ್ದ. ಅವನು ಐದು ನಿಮಿಷ ಆಚೀಚೆ ಮಾಡುತ್ತಿದ್ದುದುಂಟು. ನಾನು ಹನ್ನೊಂದು ವರ್ಷ ಬರೆದಿದ್ದೇನೆ, ಒಂದು ನಿಮಿಷ ತಪ್ಪಿದ್ದಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ತಪ್ಪಿದ್ದು ಒಂದೇ ಸಲ, ಅದೂ ಗೊತ್ತಿದ್ದೂ ಗೊತ್ತಿದ್ದೂ ತಪ್ಪಿಸಿದ್ದು. ಅದನ್ನು ಹೇಳಬೇಕೆಂದೇ ಕೂತಿದ್ದೇನೆ.

ನಮ್ಮೂರಲ್ಲಿ ನಗು ಒಂದು ದಿನ ತಡ. ಇವತ್ತು ಮೂರು ಗಂಟೆಗೆ ನಗುವಂಥದ್ದೇನಾದರೂ ಕಂಡರೆ ನಾಳೆ ಮೂರು ಗಂಟೆಗೆ ನಗು ಬರುತ್ತದೆ. ಬಂತೆಂದರೆ ತಡೆಯುವುದು ಯಾರಪ್ಪನಿಂದಲೂ ಆಗದು. ಅಳು, ಸಿಟ್ಟು, ಸೀನು ಎಲ್ಲ ಬೇರೆ ಊರಿನಂತೆ ಆಗಿಂದಾಗಲೇ. ನಗು ಮಾತ್ರ ಹೀಗೆ. ಹೊರಗಿನಿಂದ ಬಂದ ನಾಟಕದ ಕಂಪನಿಯವರು ಸತ್ತಂತೆ ಕೂತ ಜನರನ್ನು ನೋಡಿ ಹೆದರಿ ಮೊದಲ ದಿನವೇ ಗಂಟುಮೂಟೆ ಕಟ್ಟಿದ್ದರಂತೆ. ಅವರ ಗಾಡಿ ಊರು ದಾಟಿದ ಮೇಲೆ, ಮಾರನೆಯ ದಿನ, ಊರಿಗೆ ಊರೇ ಬಿದ್ದು ಬಿದ್ದು ನಕ್ಕಿತಂತೆ. ನಮಗೆ ಇದೆಲ್ಲ ರೂಢಿ. ಟಾಕೀಸಿನಲ್ಲಿ ದಿನಕ್ಕೆ ಒಂದೇ ಆಟ, ಎರಡೂವರೆಯ ಮ್ಯಾಟಿನಿ. ನಿನ್ನೆ ನೋಡಿದವರಿಗೆ ಇವತ್ತು ಟಿಕೆಟ್ಟಿಲ್ಲ, ಅವರ ನಗುವಿನಲ್ಲಿ ಇವತ್ತಿನವರಿಗೆ ಮಾತು ಕೇಳಿಸುವುದಿಲ್ಲ. ಕ್ಷೌರದಂಗಡಿಯ ಮುದುಕಪ್ಪ ನನ್ನ ಬೋರ್ಡು ನೋಡಿಯೇ ಕತ್ತಿ ಹಿಡಿಯುವುದು. ಬಸ್ಸಿನ ಡ್ರೈವರು ದೊಡ್ಡ ನಗುವಿನ ಹೊತ್ತಿಗೆ ಬಸ್ಸನ್ನು ಆಲದ ಮರದಡಿ ನಿಲ್ಲಿಸಿಕೊಳ್ಳುತ್ತಾನೆ. ಹೆಣ್ಣು ನೋಡುವುದು, ರಾಜಿ ಪಂಚಾಯಿತಿ, ಹಲ್ಲು ಕೀಳಿಸುವುದು, ಎಲ್ಲಕ್ಕೂ ಮೊದಲು ಬೋರ್ಡು ನೋಡುತ್ತಾರೆ.

ನಾನು ಬರೆಯುವ ಕ್ರಮ ಇಷ್ಟೇ. ಹೊಸ ಸಿನಿಮಾ ಶುಕ್ರವಾರ ಬಿಡುಗಡೆಯಾದರೆ ಬುಧವಾರ ಎರಡೂವರೆಗೆ ಆಪರೇಟರ್ ಇಮಾಮ್ ಸಾಬರು ನನ್ನೊಬ್ಬಳಿಗೇ ಅದನ್ನು ಓಡಿಸುತ್ತಾರೆ. ಗುರುವಾರ ಎರಡೂವರೆಗೆ ನಾನು ಮನೆಯಲ್ಲಿ ಗಡಿಯಾರ, ನೋಟ್‌ಬುಕ್ಕು ಇಟ್ಟುಕೊಂಡು ಕೂರುತ್ತೇನೆ. ನಗು ಬಂದ ಹೊತ್ತು, ನಿಂತ ಹೊತ್ತು ಗುರುತು ಹಾಕಿಕೊಳ್ಳುತ್ತೇನೆ. ನನಗೆ ಎಲ್ಲಿ ನಗು ಬಂದಿತೋ ಊರಿಗೂ ಅಲ್ಲೇ ಬರುತ್ತದೆ. ನಾನೇನೂ ವಿಶೇಷದವಳಲ್ಲ, ಅದೇ ನನ್ನ ವಿಶೇಷ ಎಂದು ಅಪ್ಪ ಹೇಳುತ್ತಿದ್ದ.

ಮನೆಯಲ್ಲಿ ನಾನು, ನಮ್ಮತ್ತೆ ಕಾಳಮ್ಮ, ಇಬ್ಬರೇ. ನಮ್ಮನೆಯವರು ಹೋಗಿ ಆಗ ನಾಲ್ಕು ವರ್ಷವಾಗಿತ್ತು. ಅವರ ಹೆಸರು ಮೌನೇಶ. ಹೆಸರಿಗಷ್ಟೇ ಮೌನ. ಬಡಗಿ ಕೆಲಸ. ಟೇಪು, ಅಳತೆಗೋಲು ಮುಟ್ಟಿದವರಲ್ಲ. ಕಣ್ಣಳತೆಯ ಮುಂದೆ ಯಾವ ಅಳತೆ ನಿಲ್ಲುತ್ತೆ ಎನ್ನುತ್ತಿದ್ದರು. ಒಂದು ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಕೆರೆ ಏರಿಯ ಮೇಲೆ ನಾಲ್ಕು ಜನ ನೀರಿನ ಆಳದ ಮಾತು ತೆಗೆದರು. ಇವರು, "ಎದೆಮಟ್ಟ ಇದೆ, ನೋಡಿದರೆ ಗೊತ್ತಾಗಲ್ವಾ?" ಎಂದರು. ಅವರು ಎರಡಾಳು ಎಂದರು. ಮಾತಿಗೆ ಮಾತು ಬೆಳೆದು, ಗದ್ದಲ ಕೇಳಿ ನಾನೂ ನಮ್ಮ ಬೀದಿಯವರೂ ಏರಿಯ ಮೇಲೆ ಸೇರಿದೆವು. ಇವರು ಅಂಗಿ ಬಿಚ್ಚಿ ಏರಿಯ ಮೇಲಿಟ್ಟು, ಈಜು ಬಾರದ ಮನುಷ್ಯ, ನಡೆದುಕೊಂಡೇ ನೀರಿಗಿಳಿದರು. ನೀರು ಎದೆಗೆ ಬಂದಾಗ ಕೈಯೆತ್ತಿ, "ನೋಡಿದ್ರಾ, ಎದೆಮಟ್ಟ!" ಎಂದು ಕೂಗಿ ಇನ್ನೊಂದು ಹೆಜ್ಜೆ ಇಟ್ಟರು. ಅಷ್ಟೇ. ಮಾರನೆಯ ದಿನ ಹನ್ನೊಂದು ಗಂಟೆಗೆ ನಮ್ಮ ಬೀದಿಯ ಬಾಗಿಲುಗಳೆಲ್ಲ ಹಾಕಿದ್ದವು. ಹಾಕಿದ ಬಾಗಿಲುಗಳ ಹಿಂದಿನಿಂದ ನಗು ಕೇಳಿಸಿತು. ಪಾಪ, ಅವರೂ ಬಾಯಿಗೆ ಬಟ್ಟೆ ಒತ್ತಿಕೊಂಡಿದ್ದರು. ಆದರೂ ನಮ್ಮತ್ತೆಗೆ ಕೇಳಿಸಿತು. ಅವತ್ತಿನಿಂದ ಅವರು ಯಾರ ಮನೆಯ ಹೊಸ್ತಿಲೂ ತುಳಿಯಲಿಲ್ಲ, ಟಾಕೀಸಿನ ಕಡೆ ತಲೆಯನ್ನೂ ಹಾಕಲಿಲ್ಲ.

ಇನ್ನು ಆ ಸಿನಿಮಾದ ವಿಷಯ. ಐದು ಕಥೆ ಸೇರಿಸಿ ಮಾಡಿದ್ದು. ಒಂದಕ್ಕೊಂದು ಸಂಬಂಧವಿಲ್ಲ, ಪ್ರತಿ ಕಥೆಯಲ್ಲೂ ಒಬ್ಬರು ಸಾಯುತ್ತಾರೆ ಎಂಬುದೊಂದೇ ಸಂಬಂಧ. ಅದರ ನಿಜವಾದ ಹೆಸರು ಊರಲ್ಲಿ ಯಾರಿಗೂ ನೆನಪಿಲ್ಲ, ಐದು ಹೆಣದ ಸಿನಿಮಾ ಎಂದೇ ಕರೆದರು. ಮೊದಲ ಕಥೆಯಲ್ಲಿ ಒಬ್ಬ ಸಾಹುಕಾರ ತನ್ನ ತಿಥಿ ಊಟ ಹೇಗಿರುತ್ತದೋ ಎಂದು ಬದುಕಿರುವಾಗಲೇ ಮಾಡಿಸಿ, ಹೋಳಿಗೆ ಮೇಲೆ ಹೋಳಿಗೆ ತಿಂದು ಎಲೆಯ ಮುಂದೆಯೇ ಒರಗುತ್ತಾನೆ. ಅಡಿಗೆಯವರು ಉಳಿದದ್ದನ್ನು ಮುಚ್ಚಿಟ್ಟು ಹದಿಮೂರು ದಿನ ಕಾಯುತ್ತಾರೆ. ಎರಡನೆಯದರಲ್ಲಿ ಮದುವೆಗೂ ಹೆಣಕ್ಕೂ ಒಂದೇ ವ್ಯಾನು. ಕೊನೆಯ ಎರಡರ ಮಾತು ಇಲ್ಲಿ ಬೇಡ. ಮೂರನೆಯದು ಗಂಡಹೆಂಡಿರ ಕಥೆ. ಗಂಡನಿಗೆ ಹಾವು ಕಚ್ಚುತ್ತದೆ. ಹೆಂಡತಿ ನಾಗರಹಾವು ಎನ್ನುತ್ತಾಳೆ. ಅವನು ಕೇರೆಹಾವು ಎನ್ನುತ್ತಾನೆ. ಹೆಡೆ ಇತ್ತಲ್ರೀ ಎಂದರೆ, ಅದು ಹೆಡೆಯಲ್ಲ, ನೆಗಡಿಯಾಗಿ ಕತ್ತು ಊದಿಕೊಂಡಿದೆ ಎನ್ನುತ್ತಾನೆ. ಆಸ್ಪತ್ರೆಗೆ ನಡೀರಿ ಎಂದರೆ, ಕೇರೆಹಾವಿಗೆಲ್ಲ ಆಸ್ಪತ್ರೆಗೆ ಹೋದರೆ ಜನ ನಗ್ತಾರೆ ಎನ್ನುತ್ತಾನೆ. ನಾಲಿಗೆ ತೊದಲುತ್ತ, ಕಣ್ಣು ಮುಚ್ಚುತ್ತ, ಕೇರೆಹಾವಿನ ಲಕ್ಷಣಗಳನ್ನು ಒಂದೊಂದಾಗಿ ಹೇಳುತ್ತಲೇ ಹೋಗುತ್ತಾನೆ. ಕೊನೆಯ ಮಾತು, "ಹೇಳಿದೆನಲ್ಲ." ಜನ ಸೇರಿ ಯಾವ ಹಾವು ಎಂದು ಕೇಳಿದಾಗ ಹೆಂಡತಿ ಸೆರಗು ಸರಿಮಾಡಿಕೊಂಡು, "ಕೇರೆಹಾವು" ಎನ್ನುತ್ತಾಳೆ.

ಬುಧವಾರ ಖಾಲಿ ಟಾಕೀಸಿನಲ್ಲಿ ಇದನ್ನು ನೋಡುವಾಗ ಎರಡು ಸಲ ಕಣ್ಣೊರೆಸಿಕೊಂಡೆ. ಇಲ್ಲಿ ನಗುವುದಕ್ಕೇನಿದೆ, ಇದು ಅಳುವ ಕಥೆ ಎಂದುಕೊಂಡೆ. ಗುರುವಾರ ಗಡಿಯಾರದ ಮುಂದೆ ಕೂತೆ. ಸಾಹುಕಾರನ ನಗು ಮೂರಕ್ಕೆ ಬಂತು, ವ್ಯಾನಿನದು ಮೂರೂವರೆಗೆ. ನಾಲ್ಕು ಹತ್ತಾಯಿತು ನೋಡಿ, ಹೊಟ್ಟೆಯೊಳಗಿಂದ ಎದ್ದು ಬಂತು. ನೋಟ್‌ಬುಕ್ಕು ಒಂದು ಕಡೆ, ಪೆನ್ನು ಒಂದು ಕಡೆ. ಕಂಬ ಹಿಡಿದುಕೊಂಡು ನಕ್ಕೆ. ಹನ್ನೊಂದು ನಿಮಿಷ. ಹನ್ನೊಂದು ವರ್ಷದಲ್ಲಿ ಅಷ್ಟು ದೊಡ್ಡ ನಗು ನನಗೆ ಬಂದಿರಲಿಲ್ಲ. ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ಒಳಗೆ ಬಂದು, "ಏನೇ ಅದು, ಯಾವ ಕಥೆ?" ಎಂದರು. "ಒಬ್ಬ ಹೊಟ್ಟೆಬಾಕ ಸಾಹುಕಾರ, ಅತ್ತೆ" ಎಂದು ಸುಳ್ಳು ಹೇಳಿದೆ. ಅವರು ನನ್ನ ಮುಖ ನೋಡಿ ಮತ್ತೆ ಅವರೆಕಾಯಿ ಸುಲಿಯಲು ಹೋದರು.

ಶುಕ್ರವಾರ ಬೆಳಿಗ್ಗೆ ಬೋರ್ಡಿನ ಮುಂದೆ ನಿಂತೆ. ಮೂರು ಗಂಟೆ, ದೊಡ್ಡ ನಗು. ಮೂರೂವರೆ, ಸಣ್ಣ ನಗು. ಮುಂದೆ ಕೈ ಓಡಲಿಲ್ಲ. ನಾಲ್ಕು ಹತ್ತು, ಹನ್ನೊಂದು ನಿಮಿಷ, ಎಂದು ಬರೆದೆನೋ, ಸಾಯಂಕಾಲದೊಳಗೆ ಊರಿಗೆಲ್ಲ ಗೊತ್ತಾಗುತ್ತದೆ, ನೀರಿಗೆ ಹೋದ ಮೌನೇಶನ ಹೆಂಡತಿ ಇಂಥ ಕಥೆಗೆ ಹನ್ನೊಂದು ನಿಮಿಷ ನಕ್ಕಳು ಎಂದು. ಅತ್ತೆಯ ಕಿವಿಗೂ ಬೀಳುತ್ತದೆ. ಆಗ ನನ್ನ ಬುದ್ಧಿಯೇ ನನಗೊಂದು ದಾರಿ ತೋರಿಸಿತು. ಇದು ನನ್ನೊಬ್ಬಳ ನಗು, ನನ್ನ ಮನೆಯ ಸಂಗತಿಯಿಂದ ಬಂದದ್ದು, ಊರಿನವರಿಗೆ ಇಲ್ಲಿ ನಗು ಬರುವುದಿಲ್ಲ. ಹಾಗೆಂದು ನನಗೆ ನಾನೇ ನಂಬಿಸಿಕೊಂಡೆ. ಸುಣ್ಣದ ಕಡ್ಡಿಯಲ್ಲಿ ಸ್ಪಷ್ಟವಾಗಿ ಬರೆದೆ: ಮೂರು ನಲವತ್ತರಿಂದ ನಾಲ್ಕೂವರೆಯವರೆಗೆ ನಗು ಇಲ್ಲ.

ನಮ್ಮೂರ ನೀರುಗಂಟಿ ರಾಚಪ್ಪ ಹದಿನೈದು ದಿನದ ಹಿಂದೆ ಜ್ವರದಲ್ಲಿ ತೀರಿಕೊಂಡಿದ್ದ. ಮೂವತ್ತು ವರ್ಷ ಬೀದಿ ಬೀದಿಗೆ ನಲ್ಲಿ ನೀರು ಬಿಟ್ಟವನು. ಅವನಿಗೊಂದು ಸಂತಾಪ ಸಭೆ ಮಾಡಬೇಕೆಂದು ಊರಿನವರು ಗೊತ್ತುಮಾಡಿದ್ದರು. ಯಾವ ಹೊತ್ತಿಗೆ ಎಂದು ಚರ್ಚೆಯಾಗಿ, ನನ್ನ ಬೋರ್ಡು ನೋಡಿ, ಶನಿವಾರ ನಾಲ್ಕು ಗಂಟೆಗೆ ಎಂದು ನಿಶ್ಚಯಿಸಿದರು. ನನಗೆ ಈ ಸುದ್ದಿ ತಿಳಿದದ್ದು ಶನಿವಾರ ಮಧ್ಯಾಹ್ನ ಊಟದ ಮೇಲೆ.  ಓಡಿಹೋಗಿ ಹೇಳಬಹುದಿತ್ತು. ಹೇಳಲಿಲ್ಲ. ಆಗಲಿಕ್ಕಿಲ್ಲ ಬಿಡು ಎಂದುಕೊಂಡು ನಾನೂ ಸಭೆಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ.

ಶಾಲೆಯ ಹಜಾರ ತುಂಬಿತ್ತು. ಅವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಹಿಂದಿನ ದಿನ ಸಿನಿಮಾ ನೋಡಿದವರೇ. ಮುಂದೆ ಕುರ್ಚಿಯ ಮೇಲೆ ರಾಚಪ್ಪನ ಫೋಟೋ, ಪಕ್ಕದಲ್ಲಿ ಅವನ ಹೆಂಡತಿ ಗುರುಸಿದ್ಧಮ್ಮ. ಹಳೆಯ ಹೆಡ್‌ಮಾಸ್ಟರು ಅನಂತಯ್ಯನವರು ಎದ್ದು ನಿಂತು ಒಳ್ಳೆಯ ಮಾತಾಡುತ್ತಿದ್ದರು. "ರಾಚಪ್ಪ ಒಂದು ದಿನ ನೀರು ತಪ್ಪಿಸಿದವನಲ್ಲ. ಮಳೆ ಬರಲಿ, ಚಳಿ ಬರಲಿ, ಅವನ ಸೈಕಲ್ಲಿನ ಸದ್ದು ಕೇಳಿದರೆ ಹೆಂಗಸರು ಬಿಂದಿಗೆ ಹಿಡಿದು..." ಅಷ್ಟರಲ್ಲಿ ಅವರ ತುಟಿ ನಡುಗಿತು. ಬಾಯಿಗೆ ಕೈ ಅಡ್ಡ ಹಿಡಿದರು. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಕಟ್ಟೆ ಒಡೆದ ಹಾಗೆ. ಇನ್ನೂರು ಜನ ರಾಚಪ್ಪನ ಫೋಟೋದ ಮುಂದೆ ಬೆಂಚು ಗುದ್ದಿ ಗುದ್ದಿ ನಕ್ಕರು. ಹೊರಗೆ ಓಡುವಷ್ಟು ಕಾಲಲ್ಲಿ ಬಲವಿಲ್ಲ. ಅನಂತಯ್ಯನವರು ಗುರುಸಿದ್ಧಮ್ಮನಿಗೆ ಕೈ ಮುಗಿದುಕೊಂಡೇ ನಗುತ್ತಿದ್ದರು, ಕಣ್ಣಲ್ಲಿ ನಾಚಿಕೆಯ ನೀರು ಸುರಿಯುತ್ತಿತ್ತು. ಆ ಹಜಾರದಲ್ಲಿ ನಗದೆ ಇದ್ದವರು ಬೆರಳೆಣಿಕೆಯಷ್ಟು. ನನ್ನ ನಗು ಗುರುವಾರವೇ ಆಗಿಹೋಗಿತ್ತು. ಗುರುಸಿದ್ಧಮ್ಮ ಕುರ್ಚಿಯಿಂದ ಎದ್ದು ತಿರುಗಿ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಂದು, ನಗದೆ ಕೂತ ನನ್ನ ಮೇಲೆ ಕಣ್ಣು ನಿಲ್ಲಿಸಿದರು. ಬೋರ್ಡಿನ ಸುಳ್ಳು ಅವರಿಗೆ ಅರ್ಥವಾಯಿತು ಎಂದು ಆ ನೋಟದಲ್ಲೇ ನನಗೆ ಗೊತ್ತಾಯಿತು. ಫೋಟೋ ಎತ್ತಿಕೊಂಡು, ಸೆರಗಿನಲ್ಲಿ ಮುಚ್ಚಿಕೊಂಡು, ಆ ನಗುವಿನ ನಡುವೆಯೇ ನಡೆದು ಹೊರಟುಹೋದರು.

ಸಾಯಂಕಾಲ ಅವರ ಮನೆಗೆ ಹೋದೆ. ಬಾಗಿಲು ತಟ್ಟಿದೆ. "ಯಾರು?" ಎಂದರು. "ಬೋರ್ಡಿನ ಭ್ರಮರಾಂಬ" ಎಂದೆ. ಒಳಗಿನ ಚಿಲಕ ಬಿದ್ದ ಸದ್ದು ಕೇಳಿಸಿತು.

ಮನೆಗೆ ಬಂದು ಅತ್ತೆಯ ಮುಂದೆ ಕೂತೆ. ಇನ್ನು ಮುಚ್ಚಿಟ್ಟು ಯಾರನ್ನು ಉಳಿಸಬೇಕಿತ್ತು? ಮೂರನೆಯ ಕಥೆ ಹೇಳಿದೆ, ಹನ್ನೊಂದು ನಿಮಿಷ ನಕ್ಕದ್ದು ಹೇಳಿದೆ, ಬೋರ್ಡಿನಲ್ಲಿ ಸುಳ್ಳು ಬರೆದದ್ದು ಹೇಳಿದೆ. ಹೇಳುತ್ತ ಹೇಳುತ್ತ ಯಾರಿಗೂ ಹೇಳದ್ದೂ ಬಾಯಿಗೆ ಬಂತು. "ಅತ್ತೆ, ಇವರು ಹೋದ ಮಾರನೆ ದಿನ ಹನ್ನೊಂದಕ್ಕೆ ನಾನೂ ನಕ್ಕೆ. ಬಚ್ಚಲಿಗೆ ಹೋಗಿ ಬಾಗಿಲು ಹಾಕ್ಕೊಂಡು, ಬಾಯಿಗೆ ಬಟ್ಟೆ ತುರುಕ್ಕೊಂಡು." ಅತ್ತೆ ಬತ್ತಿ ಹೊಸೆಯುತ್ತಿದ್ದರು. ತಲೆ ಎತ್ತಲಿಲ್ಲ. "ಗೊತ್ತು" ಎಂದರು. "ಬಚ್ಚಲ ಬಾಗಿಲು ಮಾಡಿದವನು ಯಾರು? ನನ್ನ ಮಗ. ಕಣ್ಣಳತೆ. ಮೂರು ಬೆರಳು ಸಂದಿದೆ ಅದರಲ್ಲಿ. ಎಲ್ಲ ಕೇಳಿಸ್ತು." ನಾಲ್ಕು ವರ್ಷ ಒಂದೇ ಮನೆಯಲ್ಲಿ, ಒಂದೇ ಒಲೆಯಲ್ಲಿ ಬೇಯಿಸಿಕೊಂಡು ತಿಂದಿದ್ದೇವೆ. ಒಂದು ದಿನ ಅವರು ಅದನ್ನು ಎತ್ತಿ ಆಡಿರಲಿಲ್ಲ. ನಾನು ಅಳತೊಡಗಿದೆ. ಅವರು ಬತ್ತಿ ಹೊಸೆಯುತ್ತಲೇ ಇದ್ದರು. ಆಮೇಲೆ, "ನಾಳೆ ಊರಿನವರ ಮುಂದೆ ನಿಜ ಹೇಳು. ನನ್ನ ಮುಖ ನೋಡಿ ಸುಳ್ಳು ಬರೆಯೋದೇನು ಬೇಡ" ಎಂದರು.

ಭಾನುವಾರ ಬೆಳಿಗ್ಗೆ ಟಾಕೀಸಿನ ಅಂಗಳದಲ್ಲಿ ಜನ ಸೇರಿದ್ದರು. ಯಾರೂ ನನ್ನನ್ನು ಬೈಯುತ್ತಿರಲಿಲ್ಲ. ಭ್ರಮರಕ್ಕನ ಬೋರ್ಡು ತಪ್ಪುವುದುಂಟೇ, ಸಿನಿಮಾದಲ್ಲೇ ಐಬಿದೆ ಎಂದು ಅವರ ತೀರ್ಮಾನ. ಬಟ್ಟೆಯಂಗಡಿ ಶಿವಬಸಪ್ಪ, "ಸಾವನ್ನ ಆಡಿಕೊಳ್ಳೋ ಸಿನಿಮಾ ಇದು. ಡಬ್ಬ ಕಟ್ಟಿ ಕಳಿಸಿ" ಎಂದು ಕೂಗಾಡುತ್ತಿದ್ದ. ಹೂ ಮಾರುವ ಚೌಡಕ್ಕ ಅವನನ್ನು ತಡೆದಳು. "ಏ ಸುಮ್ನಿರಿ ಸಾವ್ಕಾರ್ರೆ. ಸಭೆಗೆ ಹೋಗದೆ ಮನೇಲಿದ್ದೆ ನಾನು. ನಾಲ್ಕು ಹತ್ತಕ್ಕೆ ನಾನೂ ನಕ್ಕೆ, ಪಕ್ಕದಲ್ಲಿ ನನ್ನ ಗಂಡನೂ ನಕ್ಕ. ಮೂವತ್ತು ವರ್ಷಕ್ಕೆ ಒಟ್ಟಿಗೆ ನಕ್ಕಿದ್ದು ಮೊದಲ ಸಲ. ಯಾರನ್ನ ನೋಡಿ ನಕ್ಕೆ ಅಂತ ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ." ಮುದುಕಪ್ಪನಿಗೆ ಹಾವಿನ ಕಥೆ ಅರ್ಥವೇ ಆಗಿರಲಿಲ್ಲವಂತೆ, ಆದರೂ ನಾಲ್ಕು ಹತ್ತಕ್ಕೆ ನಗು ಬಂದು ಗಿರಾಕಿಯ ಅರ್ಧ ಮೀಸೆ ಹೋಗಿತ್ತು. ಅನಂತಯ್ಯನವರು ಮಾತ್ರ ಒಂದು ಮೂಲೆಯಲ್ಲಿ, "ನಕ್ಕವನು ನಾನು, ಸಿನಿಮಾ ಏನು ಮಾಡೀತು" ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಟಾಕೀಸಿನ ಮಾಲೀಕ ಪಂಚಾಕ್ಷರಿ ಎರಡೂ ಕೈ ಎತ್ತಿ, "ಆಯಿತು, ಇವತ್ತಿಗೇ ತೆಗೆದುಹಾಕ್ತೀನಿ" ಎಂದ.

ನಾನು ಬೋರ್ಡಿನ ಕಟ್ಟೆ ಹತ್ತಿ ನಿಂತೆ. "ಸಿನಿಮಾದ ತಪ್ಪಲ್ಲ. ಬೋರ್ಡೂ ತಾನಾಗಿ ತಪ್ಪಲಿಲ್ಲ. ತಪ್ಪಿಸಿದವಳು ನಾನು. ಗುರುವಾರ ನಾಲ್ಕು ಹತ್ತಕ್ಕೆ ನನಗೆ ಹನ್ನೊಂದು ನಿಮಿಷ ನಗು ಬಂತು. ಗಂಡನನ್ನು ಹೀಗೇ ಕಳಕೊಂಡವಳು ಇಂಥದ್ದಕ್ಕೆ ನಕ್ಕಳು ಅಂತ ನೀವು ಆಡಿಕೊಳ್ತೀರಿ ಅಂತ ಹೆದರಿ ಬರೀಲಿಲ್ಲ. ನನ್ನ ಮಾನ ಉಳಿಸಿಕೊಳ್ಳೋಕೆ ಹೋಗಿ ಗುರುಸಿದ್ಧಮ್ಮನ ಮಾನ ಕಳೆದೆ."    ಒದ್ದೆ ಬಟ್ಟೆಯಿಂದ ಹಲಗೆ ಒರೆಸಿ, ಎಲ್ಲರ ಎದುರಿಗೆ ಬರೆದೆ: ನಾಲ್ಕು ಹತ್ತು, ದೊಡ್ಡ ನಗು, ಹನ್ನೊಂದು ನಿಮಿಷ, ಸಾವಿನ ಮನೆಯವರ ಮುಂದೆ ಯಾರೂ ಇರಬಾರದು.  ಅನಂತಯ್ಯನವರು ಹತ್ತಿರ ಬಂದು ಬೋರ್ಡನ್ನು ಎರಡು ಸಲ ಓದಿ, "ಸಿನಿಮಾ ಇರಲಿ ಪಂಚಾಕ್ಷರಿ" ಎಂದರು. ಸಿನಿಮಾ ಉಳಿಯಿತು.

ಸೋಮವಾರ ಊಟವಾದ ಮೇಲೆ ಅತ್ತೆ ಪೆಟ್ಟಿಗೆಯಿಂದ ಕಂದುಬಣ್ಣದ ಸೀರೆ ತೆಗೆದು ಉಟ್ಟರು. "ನಡಿ, ಆ ಹಾವು ತೋರಿಸು ನಂಗೆ" ಎಂದರು. ಟಾಕೀಸಿನಲ್ಲಿ ನನ್ನ ಪಕ್ಕ ಕೂತು, ಎರಡೂ ಕೈ ಮಡಿಲಲ್ಲಿಟ್ಟುಕೊಂಡು, ಕಣ್ಣು ಮಿಟುಕಿಸದೆ ನೋಡಿದರು. ಮೂರನೆಯ ಕಥೆ ಮುಗಿದಾಗ ಮೂಗು ಒರೆಸಿಕೊಂಡು ಎದ್ದರು, ಉಳಿದೆರಡು ಕಥೆಗೆ ನಾವು ಕೂರಲಿಲ್ಲ.  ಆ ದಿನ ಅವರಿಗೆ ಏನನ್ನಿಸಿತೋ ಕೇಳುವ ಧೈರ್ಯ ನನಗಾಗಲಿಲ್ಲ.

ಮಂಗಳವಾರ ನಾಲ್ಕಕ್ಕೆ ಇಬ್ಬರೂ ನಡುಮನೆಯಲ್ಲಿ ಚಾಪೆ ಹಾಸಿ ಕೂತೆವು. ನಾನು ಬಾಗಿಲು ಹಾಕಲು ಎದ್ದೆ. "ತೆಗೆದಿರಲಿ" ಎಂದರು. ನಾಲ್ಕು ಹತ್ತಾಯಿತು. ಮೊದಲು ನನಗೆ ಬಂತು. ಅತ್ತೆಯ ಮುಖ ಗಟ್ಟಿಯಾಗಿಯೇ ಇತ್ತು. ಆಮೇಲೆ ಅವರ ಹೊಟ್ಟೆ ಒಂದು ಸಲ ಕುಣಿಯಿತು. "ನೆಗಡಿ..." ಎಂದರು. "ಹಾವಿಗೆ... ನೆಗಡಿ..." ಮುಂದೆ ಮಾತು ಹೊರಡಲಿಲ್ಲ. ಹಲ್ಲಿಲ್ಲದ ಬಾಯಿ ತೆರೆದು, ತಲೆಯನ್ನು ನನ್ನ ಹೆಗಲಿಗೆ ಕೊಟ್ಟು, ಊರಿಗೆಲ್ಲ ಕೇಳಿಸುವ ಹಾಗೆ ನಕ್ಕರು. ಬೀದಿಯಲ್ಲಿ ಹೋಗುವವರು ನಿಂತು ನೋಡಿ ಮುಂದೆ ಹೋದರು. ನಗು ನಿಂತ ಮೇಲೂ ನನ್ನ ಹೆಗಲಿಂದ ತಲೆ ಎತ್ತದೆ ಹೇಳಿದರು. "ಆ ಹೆಂಡತಿ ಕೊನೆಗೆ ಕೇರೆಹಾವು ಅಂದಳಲ್ಲ. ಅವತ್ತು ಕೆರೆ ಏರಿ ಮೇಲೆ ಪೊಲೀಸಿನವನು ಕೇಳಿದಾಗ ನೀನೇನಂದೆ, ನೆನಪಿದೆಯಾ? ನೀರು ಎದೆಮಟ್ಟಾನೇ ಇತ್ತು ಸ್ವಾಮಿ, ಯಾರೋ ಮಣ್ಣು ತೆಗೆದು ಗುಂಡಿ ಮಾಡಿದ್ದರು, ಅಂದೆ." ನಾನು ಅದನ್ನು ಮರೆತೇಬಿಟ್ಟಿದ್ದೆ. "ಅಲ್ಲಿ ಗುಂಡಿ ಇರಲಿಲ್ಲ ಕಣೆ. ನಂಗೊತ್ತು, ನಾನು ಆ ಕೆರೇಲೇ ಬಟ್ಟೆ ಒಗೆದು ಬೆಳೆದವಳು. ಸತ್ತ ಮೇಲೂ ಅವನ ಮಾತು ಸೋಲಬಾರದು ಅಂತ ಹಾಗಂದೆ. ಅದಕ್ಕೇ ನೀನು ಬಚ್ಚಲಲ್ಲಿ ನಕ್ಕಿದ್ದನ್ನ ನಾನು ಒಂದಿನ ಎತ್ತಿ ಆಡಲಿಲ್ಲ."

 ಆಮೇಲೆ ಅತ್ತೆ ಮೊಣಕಾಲಿಗೆ ಕೈ ಊರಿ ಎದ್ದರು. "ಗುರುಸಿದ್ಧಮ್ಮನ ಮನೆಗೆ ಹೋಗೋಣ. ನೀನು ಬಾಯಿ ಬಿಡಬೇಡ. ನಾನು ಮಾತಾಡ್ತೀನಿ." ನಾಲ್ಕು ವರ್ಷದ ಮೇಲೆ ಅವರು ಇನ್ನೊಬ್ಬರ ಮನೆಗೆ ಹೊರಟಿದ್ದರು. ಚಪ್ಪಲಿ ಮೆಟ್ಟುವಾಗ ನನ್ನ ತೋಳು ಹಿಡಿದುಕೊಂಡರು.

ಬಾಗಿಲು ತಟ್ಟಿದಾಗ ಒಳಗಿನಿಂದ ಯಾರು ಎಂಬ ದನಿ ಬಂತು. "ಮೌನೇಶನ ತಾಯಿ ಕಣಮ್ಮ" ಎಂದರು ಅತ್ತೆ. "ನನ್ನ ಮಗ ಸತ್ತ ಮಾರನೆ ದಿನ ಈ ಊರು ನಕ್ಕಿದ್ದನ್ನ ಬಾಗಿಲ ಹಿಂದೆ ಕೂತು ಕೇಳಿದವಳು."  ಚಿಲಕ ತೆಗೆದ ಸದ್ದಾಯಿತು. ಗುರುಸಿದ್ಧಮ್ಮ ನನ್ನ ಕಡೆ ನೋಡದೆ ಅತ್ತೆಗೆ ಚಾಪೆ ಹಾಕಿದರು. ನಾನು ಹೊಸ್ತಿಲ ಹತ್ತಿರವೇ ನಿಂತೆ. ಗೋಡೆಯ ಮೇಲೆ ರಾಚಪ್ಪನ ಫೋಟೋ, ಹೊಸದಾಗಿ ಹಾಕಿದ ಹೂವು. ಗುರುಸಿದ್ಧಮ್ಮ ನೆಲ ನೋಡುತ್ತ ಕೇಳಿದರು, "ಅಷ್ಟು ನಗುವಂಥದ್ದು ಏನಿತ್ತಮ್ಮ ಅದರಲ್ಲಿ?"

ಅತ್ತೆ ಹೇಳತೊಡಗಿದರು. ಹಾವು ಕಚ್ಚಿದ್ದು, ಹೆಡೆಯ ಜಗಳ, ನೆಗಡಿ, ಎಲ್ಲ. ಆಮೇಲೆ ತಾವಾಗಿಯೇ ತಮ್ಮ ಮಗನ ಕಥೆ ಹೇಳಿದರು. ಎದೆಮಟ್ಟ ಎಂದು ಕೈಯೆತ್ತಿದ್ದನ್ನು ಕೈಯೆತ್ತಿಯೇ ತೋರಿಸಿದರು. ಗುರುಸಿದ್ಧಮ್ಮ ಕೇಳುತ್ತ ಕೇಳುತ್ತ ತಲೆ ಎತ್ತಿದರು. "ನಮ್ಮವರೂ ಏನು ಕಮ್ಮಿಯೇ?" ಎಂದರು ಮೆಲ್ಲಗೆ. "ನೂರಮೂರು ಡಿಗ್ರಿ ಜ್ವರ. ಎದ್ದು ಕೂತು, ನಾನು ಹೋಗದಿದ್ರೆ ಊರಿಗೆ ನೀರಿಲ್ಲ ಅಂತ ಸೈಕಲ್ ಹತ್ತಿದರು. ಸ್ಟ್ಯಾಂಡ್ ತೆಗೆದಿರಲಿಲ್ಲ. ಅರ್ಧ ಗಂಟೆ ಅಂಗಳದಲ್ಲೇ ತುಳಿದರು. ಕೆಳಗಿಳಿದು, ಎಲ್ಲಾ ಬೀದಿಗೂ ಬಿಟ್ಟೆ ಕಣೇ ಅಂತ ಮಲಗಿದರು. ಮತ್ತೆ ಏಳಲಿಲ್ಲ." ಹೇಳಿ ಮುಗಿಸುವಷ್ಟರಲ್ಲಿ ಅವರ ಕೆನ್ನೆ ಒದ್ದೆಯಾಗಿತ್ತು. ನಮ್ಮತ್ತೆಯದೂ. ನಾನು ಹೊಸ್ತಿಲ ಹತ್ತಿರ ನಿಂತೇ ಕಣ್ಣೊರೆಸಿಕೊಂಡೆ.

ಹೊರಡುವಾಗ ಗುರುಸಿದ್ಧಮ್ಮ ಬಾಗಿಲವರೆಗೆ ಬಂದರು. ಒಳಗಿನ ಗಡಿಯಾರ ನೋಡಿ ಬಂದು, ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದರು. "ಐದೂ ಕಾಲು. ನಾಳೆ ಐದಕ್ಕೇ ಇಬ್ಬರೂ ಬಂದುಬಿಡಿ. ಅವರ ಫೋಟೋದ ಮುಂದೆ ಒಬ್ಬಳೇ ನಗೋಕೆ ನನ್ನ ಕೈಲಾಗಲ್ಲ."

ನಾವು ಹೋದೆವು.